ಬಿಎಸ್‌ಐಡಿ ಇದ್ದರೆ ವೀಸಾ ಬೇಡವೇ? ನಾವಿಕರ ಗುರುತಿನ ದಾಖಲೆ ಕುರಿತು ಸಿಂಧನೂರಿನ ಓದುಗರಿಗೆ ಉತ್ತರ

ಪ್ರಶ್ನೆ: ನನ್ನ ತಮ್ಮ ಜಿಪಿ ರೇಟಿಂಗ್ (ಹಡಗಿನ ಸಾಮಾನ್ಯ ಕೆಲಸಗಾರರ) ತರಬೇತಿ ಮುಗಿಸಿ ಸಿಡಿಸಿ ಎಂಬ ನಾವಿಕರ ಸೇವಾ ಪುಸ್ತಕ ಪಡೆದಿದ್ದಾನೆ. ಈಗ ಏಜೆಂಟರೊಬ್ಬರು ಬಿಎಸ್‌ಐಡಿ (ನಾವಿಕರ ಬಯೊಮೆಟ್ರಿಕ್ ಗುರುತಿನ) ಕಾರ್ಡ್ ಇದ್ದರೆ ಯಾವ ದೇಶದಲ್ಲೂ ವೀಸಾ ಇಲ್ಲದೆ ಇಳಿಯಬಹುದು ಎಂದು ಹೇಳಿ, ಅದನ್ನು ಮಾಡಿಸಿಕೊಡಲು ಮತ್ತು ಹಡಗಿನಲ್ಲಿ ಕೆಲಸ ಕೊಡಿಸಲು ದೊಡ್ಡ ಮೊತ್ತ ಕೇಳುತ್ತಿದ್ದಾರೆ. ಅವನ ಪಾಸ್‌ಪೋರ್ಟ್ ಮತ್ತು ಸಿಡಿಸಿಯನ್ನು ತಮ್ಮ ಬಳಿಯೇ ಇಟ್ಟುಕೊಂಡಿದ್ದಾರೆ. ಆದರೆ ಹಡಗಿನಲ್ಲಿ ಕೆಲಸ ಮಾಡುವ ನಮ್ಮ ಊರಿನ ಇನ್ನೊಬ್ಬ ಹುಡುಗ, ಕಾರ್ಡ್ ಇದ್ದರೂ ಒಂದು ವಿದೇಶಿ ಬಂದರಿನಲ್ಲಿ ತನ್ನನ್ನು ದಡಕ್ಕೆ ಬಿಡಲಿಲ್ಲ ಎನ್ನುತ್ತಾನೆ. ತಮ್ಮನ ಹೆಸರು ಅಂಕಪಟ್ಟಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇದೆ. ಈ ಅಂತಾರಾಷ್ಟ್ರೀಯ ನಿಯಮ ನಿಜವಾಗಿ ಜಾರಿಯಲ್ಲಿದೆಯೇ? ನಾವು ಏನು ಮಾಡಬೇಕು?
(ಸಿಂಧನೂರು ತಾಲ್ಲೂಕಿನ ಓದುಗರು)

ಉತ್ತರ: ನಿಯಮ ಜಾರಿಯಲ್ಲಿದೆ, ಭಾರತ ಅದಕ್ಕೆ ಬದ್ಧವಾಗಿದೆ, ನಿಮ್ಮ ತಮ್ಮ ಆ ಕಾರ್ಡನ್ನು ಮಾಡಿಸಿಕೊಳ್ಳಲೇಬೇಕು ಎಂಬುದು ನನ್ನ ಸಲಹೆ. ಆದರೆ ಅದು ವೀಸಾ ಅಲ್ಲ, ಪಾಸ್‌ಪೋರ್ಟೂ ಅಲ್ಲ. ಯಾವ ದೇಶದಲ್ಲಾದರೂ ಇಳಿಯಬಹುದು ಎಂಬ ಏಜೆಂಟರ ಮಾತನ್ನು ನಂಬಬೇಡಿ. ಪಾಸ್‌ಪೋರ್ಟ್ ಮತ್ತು ಸಿಡಿಸಿಯನ್ನು ಇಂದೇ ಅವರಿಂದ ವಾಪಸ್ ಪಡೆಯಿರಿ; ಕೆಲಸ ಕೊಡಿಸುವುದಕ್ಕೆಂದು ಹಣ ಕೊಡಬೇಡಿ. ಹೆಸರಿನ ವ್ಯತ್ಯಾಸವನ್ನು ಕಾರ್ಡಿಗೆ ಅರ್ಜಿ ಹಾಕುವ ಮೊದಲೇ ಸರಿಪಡಿಸಿಕೊಳ್ಳಿ. ನೀವು ಕೇಳಿದ ನಾಲ್ಕು ಸಂಗತಿಗಳಲ್ಲಿ ಕೊನೆಯದಾಗಿ ಸೇರಿಸಿದ ಈ ಹೆಸರಿನ ವಿಷಯವೇ ಎಲ್ಲಕ್ಕಿಂತ ಗಂಭೀರವಾದದ್ದು ಎಂದು ನಾನು ತಿಳಿದಿದ್ದೇನೆ. ಏಕೆಂಬುದನ್ನು ಮುಂದೆ ವಿವರಿಸುತ್ತೇನೆ.

ಹಡಗಿನಲ್ಲಿ ದುಡಿಯುವವನ ಕೆಲಸದ ಸ್ಥಳವೇ ದೇಶದಿಂದ ದೇಶಕ್ಕೆ ಚಲಿಸುತ್ತದೆ. ಇಂದು ಒಂದು ದೇಶದ ಬಂದರು, ಹತ್ತು ದಿನ ಕಳೆದರೆ ಇನ್ನೊಂದು ದೇಶದ ಬಂದರು. ಮುಂದಿನ ಬಂದರು ಯಾವುದೆಂದು ಹಡಗಿನವರಿಗೇ ಎಷ್ಟೋ ಸಲ ಮೊದಲೇ ತಿಳಿದಿರುವುದಿಲ್ಲ. ಪ್ರವಾಸಿಗನಂತೆ ಪ್ರತಿ ದೇಶಕ್ಕೂ ಮುಂಗಡವಾಗಿ ವೀಸಾ ಪಡೆಯುವುದು ಇಂಥವನಿಗೆ ಸಾಧ್ಯವಾಗುವ ಮಾತಲ್ಲ. ತಿಂಗಳುಗಟ್ಟಲೆ ಉಕ್ಕಿನ ಗೋಡೆಗಳ ನಡುವೆ ಇರುವ ಮನುಷ್ಯ ಬಂದರಿನಲ್ಲಿ ಕೆಲವು ಗಂಟೆ ದಡಕ್ಕಿಳಿದು, ಮನೆಗೆ ಫೋನ್ ಮಾಡಿ, ವೈದ್ಯರನ್ನು ಕಂಡು, ನಾಲ್ಕು ಹೆಜ್ಜೆ ನೆಲದ ಮೇಲೆ ನಡೆದು ಬರುವುದನ್ನು ಶೋರ್ ಲೀವ್ ಎನ್ನುತ್ತಾರೆ. ಇದು ಐಷಾರಾಮವಲ್ಲ, ಆರೋಗ್ಯದ ಅಗತ್ಯ. ಈ ಅಗತ್ಯವನ್ನು ಮನಗಂಡು, ಜಿನೀವಾದಲ್ಲಿರುವ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1958ರಲ್ಲಿಯೇ ನಾವಿಕರ ಗುರುತಿನ ದಾಖಲೆಗಳ ಕುರಿತು 108ನೇ ಸಂಖ್ಯೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಪ್ರತಿಯೊಂದು ದೇಶ ತನ್ನ ನಾವಿಕರಿಗೆ ಒಂದು ಗುರುತಿನ ದಾಖಲೆ ಕೊಡಬೇಕು, ಉಳಿದ ದೇಶಗಳು ಅದನ್ನು ನಂಬಿ ಅವರನ್ನು ದಡಕ್ಕೆ ಬಿಡಬೇಕು ಎಂಬುದು ಅದರ ತಿರುಳು. ಆದರೆ ದಾಖಲೆ ಹೇಗಿರಬೇಕು, ನಕಲು ಮಾಡದಂತೆ ಅದನ್ನು ಹೇಗೆ ರಕ್ಷಿಸಬೇಕು ಎಂಬ ಏಕರೂಪದ ವ್ಯವಸ್ಥೆ ಅದರಲ್ಲಿರಲಿಲ್ಲ. ಒಂದೊಂದು ದೇಶ ಒಂದೊಂದು ಬಗೆಯ ಪುಸ್ತಕ ಅಚ್ಚು ಹಾಕಿಸುತ್ತಿತ್ತು.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಬಂದರುಗಳು ಇದ್ದಕ್ಕಿದ್ದಂತೆ ಬಿಗಿಯಾದವು. 2002ರ ಡಿಸೆಂಬರ್‌ನಲ್ಲಿ ಅಂತಾರಾಷ್ಟ್ರೀಯ ಸಾಗರ ಸಂಘಟನೆ ಹಡಗು ಮತ್ತು ಬಂದರುಗಳ ಭದ್ರತೆಗಾಗಿ ಐಎಸ್‌ಪಿಎಸ್ ಸಂಹಿತೆಯನ್ನು ಅಂಗೀಕರಿಸಿತು. 2004ರ ಜುಲೈ 1ರಿಂದ ಅದು ಜಾರಿಗೆ ಬಂತು. ಅದರ ಜೊತೆಗೇ ನಾವಿಕರ ದಾಖಲೆಯೂ ಹೊಸದಾಗಬೇಕಾಯಿತು. 2003ರ ಜೂನ್‌ನಲ್ಲಿ ಅಂಗೀಕಾರವಾಗಿ 2005ರ ಫೆಬ್ರವರಿ 9ರಂದು ಜಾರಿಗೆ ಬಂದ 185ನೇ ಸಂಖ್ಯೆಯ ಪರಿಷ್ಕೃತ ಒಡಂಬಡಿಕೆಯೇ ಇಂದು ನಿಮ್ಮ ತಮ್ಮನ ಕಾರ್ಡಿಗೆ ಮೂಲ. ಮೊದಲು ಎರಡು ಬೆರಳುಗಳ ಗುರುತನ್ನು ಅಂಕಿರೂಪಕ್ಕಿಳಿಸಿ ಬಾರ್‌ಕೋಡಿನಲ್ಲಿ ಅಚ್ಚು ಮಾಡುವ ಪದ್ಧತಿಯನ್ನು ಅದರಲ್ಲಿ ಹೇಳಲಾಗಿತ್ತು. ಅಷ್ಟರಲ್ಲಿ ಜಗತ್ತಿನ ಪಾಸ್‌ಪೋರ್ಟುಗಳು ಮುಖದ ಚಿತ್ರವನ್ನು ಎಲೆಕ್ಟ್ರಾನಿಕ್ ಚಿಪ್ಪಿನಲ್ಲಿಡುವ ಬೇರೊಂದು ದಾರಿ ಹಿಡಿದವು. ಇಮಿಗ್ರೇಷನ್ ಕೌಂಟರುಗಳಲ್ಲಿ ಇದ್ದದ್ದು ಪಾಸ್‌ಪೋರ್ಟ್ ಓದುವ ಯಂತ್ರವೇ ಹೊರತು ನಾವಿಕರ ಬಾರ್‌ಕೋಡ್ ಓದುವ ಯಂತ್ರವಲ್ಲ. ಹೀಗೆ ಓದುವವರಿಲ್ಲದ ದಾಖಲೆಯಾಗಿ ಅದು ಹಲವು ವರ್ಷ ಸೊರಗಿತು. 2016ರ ಜೂನ್‌ನಲ್ಲಿ ಒಡಂಬಡಿಕೆಯ ಅನುಬಂಧಗಳನ್ನು ತಿದ್ದಿ, ಪಾಸ್‌ಪೋರ್ಟಿಗೆ ಅನ್ವಯಿಸುವ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಸಿಎಒ) 9303 ಸಂಖ್ಯೆಯ ಮಾನದಂಡವನ್ನೇ ನಾವಿಕರ ಕಾರ್ಡಿಗೂ ಅಳವಡಿಸಲಾಯಿತು. ಆ ತಿದ್ದುಪಡಿ 2017ರ ಜೂನ್ 8ರಂದು ಜಾರಿಗೆ ಬಂತು. ಯಂತ್ರ ಇಲ್ಲವೆಂದು ಹೇಳುವ ನೆಪ ಆ ದಿನದಿಂದ ಇಮಿಗ್ರೇಷನ್ ಇಲಾಖೆಗಳಿಗೆ ಉಳಿದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಇನ್ನು ವೀಸಾದ ಮಾತು. ಒಡಂಬಡಿಕೆಯ 6ನೇ ವಿಧಿಯನ್ನು ನಿಧಾನವಾಗಿ ಓದಿದರೆ ಅದರಲ್ಲಿ ಎರಡು ಬೇರೆ ಬೇರೆ ಸಂದರ್ಭಗಳಿರುವುದು ಕಾಣುತ್ತದೆ. ಒಂದು, ಈಗಾಗಲೇ ಹಡಗಿನಲ್ಲಿ ಬಂದಿರುವ ನಾವಿಕ ಶೋರ್ ಲೀವ್‌ಗಾಗಿ ದಡಕ್ಕಿಳಿಯುವುದು. ಇದಕ್ಕೆ ವೀಸಾ ಕೇಳಬಾರದು ಎಂದು ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ಪೂರ್ಣವಾಗಿ ಪಾಲಿಸಲಾಗದ ಸದಸ್ಯ ದೇಶ ತನ್ನ ಕಾನೂನಿನಲ್ಲಿ ಅದಕ್ಕೆ ಸಮನಾದ ಬೇರೆ ಅನುಕೂಲವನ್ನಾದರೂ ಮಾಡಿಕೊಡಬೇಕು. ಗುರುತಿನ ಪರಿಶೀಲನೆಗೆ ನಾವಿಕನಿಂದಾಗಲಿ ಹಡಗಿನ ಮಾಲೀಕನಿಂದಾಗಲಿ ಶುಲ್ಕ ಪಡೆಯುವಂತಿಲ್ಲ, ಮತ್ತು ಪರಿಶೀಲನೆ ಸಾಧ್ಯವಾದಷ್ಟು ಬೇಗ ಮುಗಿಯಬೇಕು. ಇನ್ನೊಂದು, ವಿಮಾನದಲ್ಲಿ ಹೋಗಿ ವಿದೇಶದಲ್ಲಿ ಹಡಗು ಸೇರುವುದು, ಒಂದು ಹಡಗಿನಿಂದ ಇನ್ನೊಂದಕ್ಕೆ ಬದಲಾಗುವುದು ಅಥವಾ ಅವಧಿ ಮುಗಿಸಿ ಊರಿಗೆ ಮರಳುವುದು. ಈ ಸಂದರ್ಭದಲ್ಲಿ ಕಾರ್ಡಿನ ಜೊತೆಗೆ ಪಾಸ್‌ಪೋರ್ಟೂ ಇರಬೇಕು; ವೀಸಾ ಬೇಡವೆಂಬ ಮಾತು ಇಲ್ಲಿಗೆ ಅನ್ವಯಿಸುವುದೇ ಇಲ್ಲ. ಏಜೆಂಟರು ಮೊದಲನೆಯ ಸಂದರ್ಭದ ರಿಯಾಯಿತಿಯನ್ನು ಎರಡನೆಯದಕ್ಕೆ ಅಂಟಿಸಿ ನಿಮಗೆ ಮಾರುತ್ತಿದ್ದಾರೆ. ನಿಮ್ಮ ತಮ್ಮ ಹೈದರಾಬಾದ್‌ನಿಂದಲೋ ಮುಂಬೈಯಿಂದಲೋ ವಿಮಾನ ಹತ್ತಿ ಹಡಗು ಸೇರಲು ಹೊರಟಾಗ ಆ ದೇಶದ ವೀಸಾ ನಿಯಮ ಅವನಿಗೆ ಅನ್ವಯಿಸುತ್ತದೆ, ಮತ್ತು ಆ ವೀಸಾದ ವೆಚ್ಚ ಹಡಗಿನ ಮಾಲೀಕನದು, ನಿಮ್ಮ ಕುಟುಂಬದ್ದಲ್ಲ.

ನಿಮ್ಮ ಊರಿನ ಹುಡುಗನನ್ನು ದಡಕ್ಕೆ ಏಕೆ ಬಿಡಲಿಲ್ಲ ಎಂಬುದನ್ನು, ಯಾವ ಬಂದರು ಎಂದು ನೀವು ಬರೆಯದಿದ್ದರೂ, ಸಾಮಾನ್ಯ ಕಾರಣಗಳಿಂದ ಊಹಿಸಬಹುದು. ಒಡಂಬಡಿಕೆ ಬಂಧಿಸುವುದು ಅದನ್ನು ಅನುಮೋದಿಸಿದ ದೇಶಗಳನ್ನು ಮಾತ್ರ. ಅಮೆರಿಕ ಅದನ್ನು ಅನುಮೋದಿಸಿಲ್ಲ. ಅಲ್ಲಿ ದಡಕ್ಕಿಳಿಯಬೇಕಾದರೆ ಹಡಗಿನ ಸಿಬ್ಬಂದಿಗೆಂದೇ ಇರುವ ಡಿ ವರ್ಗದ ವೀಸಾ ಮೊದಲೇ ಪಾಸ್‌ಪೋರ್ಟಿನಲ್ಲಿರಬೇಕು. ಇದಕ್ಕೆ ವ್ಯತಿರಿಕ್ತವಾಗಿ, ಯುರೋಪಿನ ಷೆಂಗೆನ್ ಗಡಿ ಸಂಹಿತೆ 108 ಅಥವಾ 185ನೇ ಒಡಂಬಡಿಕೆಯ ಪ್ರಕಾರದ ಗುರುತಿನ ದಾಖಲೆ ಹೊಂದಿದ ನಾವಿಕರಿಗೆ, ಅವರ ಹೆಸರು ಹಡಗಿನ ಸಿಬ್ಬಂದಿ ಪಟ್ಟಿಯಲ್ಲಿದ್ದರೆ, ಬಂದರಿನ ಪ್ರದೇಶ ಮತ್ತು ಅದಕ್ಕೆ ಹೊಂದಿಕೊಂಡ ಪುರಸಭೆಗಳ ವ್ಯಾಪ್ತಿಯಲ್ಲಿ ಓಡಾಡಲು ಅವಕಾಶ ಕೊಡುತ್ತದೆ. ಆದರೆ ಅಲ್ಲಿಯೂ ಆ ವ್ಯಾಪ್ತಿ ದಾಟಿ ಹೋಗುವಂತಿಲ್ಲ. ಅನುಮೋದಿಸಿದ ದೇಶವೂ ಸಾರ್ವಜನಿಕ ಆರೋಗ್ಯ, ಸುರಕ್ಷತೆ, ಶಾಂತಿ ಅಥವಾ ರಾಷ್ಟ್ರೀಯ ಭದ್ರತೆಯ ಕಾರಣದಿಂದ ಒಬ್ಬ ನಾವಿಕನನ್ನು ತಡೆಯಬಹುದು. ಕೋವಿಡ್ ಸಮಯದಲ್ಲಿ ಈ ಆರೋಗ್ಯದ ಕಾರಣವೇ ಜಗತ್ತಿನಾದ್ಯಂತ ಬಾಗಿಲು ಮುಚ್ಚಿಸಿತು. 2020ರಲ್ಲಿ ಸುಮಾರು 4 ಲಕ್ಷ ನಾವಿಕರು ಅವಧಿ ಮುಗಿದರೂ ಹಡಗಿನಲ್ಲೇ ಸಿಕ್ಕಿಬಿದ್ದಿದ್ದರೆಂದು ಅಂತಾರಾಷ್ಟ್ರೀಯ ಸಾಗರ ಸಂಘಟನೆ ಅಂದಾಜು ಮಾಡಿತ್ತು. ಇವೆಲ್ಲಕ್ಕೂ ಹೊರತಾಗಿ ಇನ್ನೊಂದು ಕಾರಣವಿದೆ, ಅದು ನನಗೆ ಹೆಚ್ಚು ಬೇಸರ ತರುವಂಥದ್ದು: ಇಮಿಗ್ರೇಷನ್ ಅನುಮತಿ ಕೊಟ್ಟಿದ್ದರೂ ಖಾಸಗಿ ಟರ್ಮಿನಲ್ಲಿನ ಗೇಟಿನಲ್ಲಿ ಭದ್ರತೆಯ ಹೆಸರಿನಲ್ಲಿ ನಡೆದುಹೋಗಲು ಬಿಡದಿರುವುದು, ದುಬಾರಿ ವಾಹನವನ್ನೇ ಬಳಸಬೇಕೆನ್ನುವುದು. ಭದ್ರತೆಯ ಯೋಜನೆ ಮಾಡುವಾಗಲೇ ನಾವಿಕರ ಶೋರ್ ಲೀವ್‌ಗೆ ದಾರಿ ಇಡಬೇಕೆಂದು ಐಎಸ್‌ಪಿಎಸ್ ಸಂಹಿತೆಯೇ ಹೇಳಿದೆ. ಹಾಗಿದ್ದೂ ಇದು ನಡೆಯುತ್ತದೆ.

ಅಂತಾರಾಷ್ಟ್ರೀಯ ನಿಯಮ ಜಾರಿಯಾಗುವುದು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಹರಿದಂತೆ. ಅಣೆಕಟ್ಟಿನಲ್ಲಿ ಗೇಟು ತೆರೆದ ಮಾತ್ರಕ್ಕೆ ಕೊನೆಯ ಭಾಗದ ಗದ್ದೆಗೆ ನೀರು ಬಂತೆಂದು ಅರ್ಥವಲ್ಲ, ನಡುವಿನ ಪ್ರತಿಯೊಂದು ವಿತರಣಾ ಕಾಲುವೆಯೂ ಸರಿಯಿರಬೇಕು. ಸಿಂಧನೂರಿನವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಭಾರತದ ಕಡೆಯಿಂದ ಆಗಿರುವುದನ್ನು ನೋಡೋಣ. ನಮ್ಮ ದೇಶ 185ನೇ ಒಡಂಬಡಿಕೆಯನ್ನು 2015ರ ಅಕ್ಟೋಬರ್ 9ರಂದು ಅನುಮೋದಿಸಿತು. ನಾವಿಕರ ಕೆಲಸದ ಷರತ್ತುಗಳನ್ನು ನಿಗದಿಪಡಿಸುವ 2006ರ ಸಾಗರ ಕಾರ್ಮಿಕ ಒಡಂಬಡಿಕೆಯನ್ನೂ ಅದೇ ದಿನ ಅನುಮೋದಿಸಿತು. 2016ರಲ್ಲಿ ನಾವಿಕರ ಬಯೊಮೆಟ್ರಿಕ್ ಗುರುತಿನ ದಾಖಲೆಗೆ ಪ್ರತ್ಯೇಕ ನಿಯಮಾವಳಿ ಬಂತು. ಮುಂಬೈನ ಸಿ-ಡ್ಯಾಕ್ ಸಂಸ್ಥೆ ತಂತ್ರಾಂಶ ರೂಪಿಸಿತು. 2019ರ ಡಿಸೆಂಬರ್‌ನಲ್ಲಿ ಕೇಂದ್ರ ಹಡಗು ಸಾರಿಗೆ ಸಚಿವಾಲಯ ಮುಖದ ಬಯೊಮೆಟ್ರಿಕ್ ಇರುವ ಕಾರ್ಡನ್ನು ಅಧಿಕೃತವಾಗಿ ಬಿಡುಗಡೆ ಮಾಡಿ, ಇಂಥ ಕಾರ್ಡ್ ಕೊಡುವ ಜಗತ್ತಿನ ಮೊದಲ ದೇಶ ಭಾರತ ಎಂದು ಪ್ರಕಟಿಸಿತು. ಆಗ 3.5 ಲಕ್ಷ ಭಾರತೀಯ ನಾವಿಕರಿಗೆ ಕಾರ್ಡ್ ಕೊಡಬೇಕಿದೆ ಎಂದು ಸಚಿವಾಲಯ ಲೆಕ್ಕ ಹಾಕಿತ್ತು. ಅದಕ್ಕೂ ಮೊದಲು ನಮ್ಮಲ್ಲಿ ಸಿಡಿಸಿ ಪುಸ್ತಕವೇ ಗುರುತಿನ ದಾಖಲೆಯೂ ಆಗಿತ್ತು. 2001ರ ನಿಯಮಾವಳಿಯ ಹೆಸರಿನಲ್ಲೇ ಅವೆರಡೂ ಸೇರಿದ್ದವು. ಈಗ ಅವು ಬೇರೆ ಬೇರೆ. ಸಿಡಿಸಿ ಎಂದರೆ ಯಾವ ಹಡಗಿನಲ್ಲಿ, ಯಾವ ಹುದ್ದೆಯಲ್ಲಿ, ಎಂದಿನಿಂದ ಎಂದಿನವರೆಗೆ ದುಡಿದ ಎಂಬ ಸೇವಾ ಪುಸ್ತಕ; ಬಿಎಸ್‌ಐಡಿ ಎಂದರೆ ಈ ಮನುಷ್ಯ ಇವನೇ, ಇವನು ನಾವಿಕನೇ ಎಂದು ಭಾರತ ಸರ್ಕಾರ ಇತರ ಸರ್ಕಾರಗಳಿಗೆ ಕೊಡುವ ಖಾತರಿ. ಸಿಡಿಸಿ ಇದ್ದವರಿಗಷ್ಟೇ ಬಿಎಸ್‌ಐಡಿ ಸಿಗುತ್ತದೆ. ಹಳೆಯ ನಾವಿಕರು ಇಂದಿಗೂ ಸಿಡಿಸಿ ಸಾಕು ಎನ್ನುವುದು ಈ ಹಿಂದಿನ ರೂಢಿಯಿಂದ.

ಈಗ ಕಾರ್ಡನ್ನೇ ಹತ್ತಿರದಿಂದ ನೋಡಿ. ಹೆಸರು, ಲಿಂಗ, ಹುಟ್ಟಿದ ದಿನ ಮತ್ತು ಸ್ಥಳ, ರಾಷ್ಟ್ರೀಯತೆ, ಮೈಮೇಲಿನ ಗುರುತು, ಫೋಟೋ, ಸಹಿ, ಇವು ಕಣ್ಣಿಗೆ ಕಾಣುವಂತೆ ಇರುತ್ತವೆ. ಇದು ಸ್ವತಂತ್ರ ದಾಖಲೆ, ಪಾಸ್‌ಪೋರ್ಟ್ ಅಲ್ಲ ಎಂಬ ಘೋಷಣೆಯೂ ಅದರ ಮೇಲೆಯೇ ಇರಬೇಕೆಂದು ಒಡಂಬಡಿಕೆ ವಿಧಿಸುತ್ತದೆ. ಏಜೆಂಟರ ಮಾತಿಗೆ ಉತ್ತರ ಕಾರ್ಡಿನ ಮೇಲೆಯೇ ಇದೆ ಎಂದಾಯಿತು. ಯಂತ್ರ ಓದುವ ಸಾಲುಗಳಲ್ಲಿ ಹುಟ್ಟಿದ ದಿನ ಆರು ಅಂಕಿಗಳಲ್ಲಿರುತ್ತದೆ. ನಿಮ್ಮ ತಮ್ಮ ಹುಟ್ಟಿದ್ದು 2004ರ ಜೂನ್ 1 ಎಂದಿಟ್ಟುಕೊಂಡರೆ ಅದು 040601 ಎಂದು ಬರುತ್ತದೆ. ಈ ಆರು ಅಂಕಿಗಳನ್ನು ಕ್ರಮವಾಗಿ 7, 3, 1, 7, 3, 1ರಿಂದ ಗುಣಿಸಿ ಕೂಡಿದರೆ 55. ಹತ್ತರಿಂದ ಭಾಗಿಸಿದಾಗ ಉಳಿಯುವ 5 ಅನ್ನು ಏಳನೆಯ ಅಂಕಿಯಾಗಿ ಪಕ್ಕದಲ್ಲೇ ಅಚ್ಚು ಮಾಡುತ್ತಾರೆ. ಯಾರಾದರೂ ಕೊನೆಯ ಎರಡು ಅಂಕಿಗಳನ್ನು ಅದಲುಬದಲು ಮಾಡಿ 040610 ಎಂದು ತಿದ್ದಿದರೆ ಮೊತ್ತ 57 ಆಗಿ ಉಳಿಕೆ 7 ಬರುತ್ತದೆ, ಯಂತ್ರ ಆ ಕ್ಷಣವೇ ತಪ್ಪನ್ನು ಹಿಡಿಯುತ್ತದೆ. ಚಿಪ್ಪಿನೊಳಗಿನ ಮಾಹಿತಿಗೆ ಇದಕ್ಕಿಂತ ಬಲವಾದ ಕಾವಲಿದೆ: ಕಾರ್ಡ್ ಕೊಟ್ಟ ದೇಶದ ಡಿಜಿಟಲ್ ಸಹಿ. ಒಂದೇ ಒಂದು ಅಕ್ಷರ ಬದಲಾದರೂ ಆ ಸಹಿ ಹೊಂದುವುದಿಲ್ಲ.

ಆದರೆ ಈ ಕಾವಲುಗಳೆಲ್ಲ ಕಾರ್ಡ್ ತಯಾರಾದ ಮೇಲೆ ಆಗುವ ಮೋಸವನ್ನು ತಡೆಯುತ್ತವೆಯೇ ಹೊರತು, ತಯಾರಾಗುವ ಮೊದಲೇ ಒಳಸೇರಿದ ತಪ್ಪನ್ನು ಅವು ಗುರುತಿಸಲಾರವು. ಅರ್ಜಿಯಲ್ಲಿ ಹೆಸರು ತಪ್ಪಾಗಿದ್ದರೆ ಆ ತಪ್ಪು ಹೆಸರಿಗೇ ಭಾರತ ಸರ್ಕಾರದ ಸಹಿ ಬೀಳುತ್ತದೆ, ಅಂಕಿಗಳ ಲೆಕ್ಕವೂ ಅದಕ್ಕೆ ಸರಿಯಾಗಿಯೇ ಹೊಂದುತ್ತದೆ. ವಿದೇಶದ ಅಧಿಕಾರಿ ಕಾರ್ಡಿನಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು, ಸಿಬ್ಬಂದಿ ಪಟ್ಟಿಯಲ್ಲಿ ಮತ್ತೊಂದು ಹೆಸರು ಕಂಡರೆ, ದಾಖಲೆಯ ಸಾಚಾತನವನ್ನು ಸಂಶಯಿಸಲು ಒಡಂಬಡಿಕೆಯೇ ಅನುಮತಿಸುವ ಸ್ಪಷ್ಟ ಕಾರಣ ಅವರ ಕೈಗೆ ಸಿಕ್ಕಿತು ಎಂದೇ ಲೆಕ್ಕ. ಅದಕ್ಕಾಗಿಯೇ ಜಿನೀವಾದ ನಿಯಮದ ಅತ್ಯಂತ ದುರ್ಬಲ ಕೊಂಡಿ ನಮ್ಮ ಹಳ್ಳಿಯ ಶಾಲೆಯ ದಾಖಲಾತಿ ಪುಸ್ತಕದಲ್ಲಿದೆ ಎಂದು ನಾನು ಮತ್ತೆ ಮತ್ತೆ ಹೇಳುತ್ತಿರುತ್ತೇನೆ.

ಬಳ್ಳಾರಿಯಲ್ಲಿ ಸಲಹೆ ಕೇಳಿ ಬರುವ ಹುಡುಗರ ಕಡತಗಳಲ್ಲಿ ನಾನು ಕಾಣುವ ಚಿತ್ರ ಹೆಚ್ಚುಕಡಿಮೆ ಒಂದೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್. ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿ ತಂದೆಯ ಹೆಸರು ಹಿಂದೆ ಸೇರಿದೆ. ಪ್ಯಾನ್ ಕಾರ್ಡಿನಲ್ಲಿ ಊರಿನ ಹೆಸರೋ ಮನೆತನದ ಹೆಸರೋ ಬಂದು ಕೂತಿದೆ. ಪಾಸ್‌ಪೋರ್ಟಿನವರು ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿಯೇ ಬರೆಯಬೇಕು. ಹೀಗೆ ಹುಲುಗಪ್ಪ ಎಂಬ ಒಬ್ಬನೇ ಹುಡುಗ ನಾಲ್ಕು ದಾಖಲೆಗಳಲ್ಲಿ ನಾಲ್ಕು ಜನರಾಗಿ ಕಾಣುತ್ತಾನೆ. ಇಂಗ್ಲಿಷ್ ಕಾಗುಣಿತದಲ್ಲಿ ಗಕಾರಕ್ಕೆ ಒಂದೆಡೆ ಒಂದು ಅಕ್ಷರ, ಇನ್ನೊಂದೆಡೆ ಎರಡು ಅಕ್ಷರ ಸೇರಿದ್ದರಂತೂ ಯಂತ್ರಕ್ಕೆ ಅವು ಬೇರೆ ಹೆಸರುಗಳೇ. ಹುಟ್ಟಿದ ದಿನದ್ದೂ ಇದೇ ಕಥೆ. ಶಾಲೆಗೆ ಸೇರಿಸಿಕೊಳ್ಳುವಾಗ ಹೆಡ್‌ಮಾಸ್ತರರು ಅಂದಾಜಿನಲ್ಲಿ ಜೂನ್ 1 ಎಂದು ಬರೆದುಕೊಂಡಿರುತ್ತಾರೆ; ಮನೆಯವರ ಬಳಿ ಆಸ್ಪತ್ರೆಯ ಜನನ ಪ್ರಮಾಣಪತ್ರ ಇದ್ದರೆ ಅದರಲ್ಲಿ ಬೇರೆ ದಿನಾಂಕ ಇರುತ್ತದೆ. ಹುಟ್ಟಿದ ಸ್ಥಳದ ವಿಷಯದಲ್ಲಿ ನಮ್ಮ ಭಾಗದ ಜಿಲ್ಲೆಗಳಿಗೆ ಇನ್ನೊಂದು ತೊಡಕು. ಬಳ್ಳಾರಿಯ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಿಂದ ಬದಲಾಯಿತು; ಕೊಪ್ಪಳ 1990ರ ದಶಕದ ಕೊನೆಯವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು; ಹೊಸಪೇಟೆ 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಬಳ್ಳಾರಿಯಿಂದ ಬೇರ್ಪಟ್ಟಿತು. ಇವು ನಿಜವಾದ ವ್ಯತ್ಯಾಸಗಳಲ್ಲ, ಆಡಳಿತದ ಬದಲಾವಣೆಗಳು, ಇವುಗಳಿಗೆ ಹೆದರಬೇಕಿಲ್ಲ. ಆದರೆ ಪಾಸ್‌ಪೋರ್ಟ್, ಸಿಡಿಸಿ, ಬಿಎಸ್‌ಐಡಿ ಮೂರರಲ್ಲೂ ಒಂದೇ ಕಾಗುಣಿತ ಇರುವಂತೆ ನೋಡಿಕೊಳ್ಳಬೇಕು.

ನಿಮ್ಮ ತಮ್ಮನ ವಿಷಯದಲ್ಲಿ ನನ್ನ ಸಲಹೆ ಹೀಗಿದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪಾಸ್‌ಪೋರ್ಟ್ ಮತ್ತು ಸಿಡಿಸಿಯನ್ನು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರವಾಗಿ ಹೋಲಿಸಿ. ಪಾಸ್‌ಪೋರ್ಟ್ ಮತ್ತು ಸಿಡಿಸಿ ಒಂದೇ ರೀತಿ ಇದ್ದು, ಆಧಾರ್ ಮಾತ್ರ ಬೇರೆಯಾಗಿದ್ದರೆ ಆಧಾರ್ ಅನ್ನೇ ಅವುಗಳಿಗೆ ಹೊಂದಿಸಿ. ಇರುವ ದಾಖಲೆಗಳಲ್ಲಿ ಸುಲಭವಾಗಿ ತಿದ್ದಬಹುದಾದದ್ದು ಅದೇ. ಪಾಸ್‌ಪೋರ್ಟಿಗೂ ಸಿಡಿಸಿಗೂ ವ್ಯತ್ಯಾಸವಿದ್ದರೆ ಬಿಎಸ್‌ಐಡಿ ಅರ್ಜಿಯನ್ನು ತಡೆದು ಮೊದಲು ಸಿಡಿಸಿಯನ್ನು ತಿದ್ದಿಸಿ, ಇಂಡೋಸ್ (ನಾವಿಕರ ರಾಷ್ಟ್ರೀಯ ದತ್ತಾಂಶ ಕೋಶದ) ಸಂಖ್ಯೆಯಡಿ ಇರುವ ವಿವರವನ್ನೂ ಸರಿಪಡಿಸಿ. ಹುಟ್ಟಿದ ದಿನದ ವಿಷಯದಲ್ಲಿ, ಎಲ್ಲ ದಾಖಲೆಗಳಲ್ಲೂ ಅಂಕಪಟ್ಟಿಯ ದಿನಾಂಕವೇ ಇದ್ದರೆ ಅದನ್ನು ಕದಲಿಸಬೇಡಿ. ವಯಸ್ಸಿನ ಮಿತಿಗಾಗಿ ದಿನಾಂಕ ತಿದ್ದಿಸಿಕೊಡುತ್ತೇವೆ ಎನ್ನುವವರ ಬಳಿ ಹೋಗಲೇಬೇಡಿ. ಒಂದು ದಾಖಲೆಯಲ್ಲಿ ಹಾಗೆ ಮಾಡಿದ ಸುಳ್ಳು ಇಂದು ದೇಶದ ದತ್ತಾಂಶ ಕೋಶಕ್ಕೆ ಸೇರಿ, ಜಗತ್ತಿನ ಯಾವ ಬಂದರಿನಿಂದ ವಿಚಾರಿಸಿದರೂ ಕಾಣುತ್ತಲೇ ಇರುತ್ತದೆ.

ಆ ದತ್ತಾಂಶ ಕೋಶದ ಬಗ್ಗೆ ನಾವಿಕರಿಗೆ ತಿಳಿದಿರುವುದು ಕಡಿಮೆ, ತಿಳಿದಿರಬೇಕಾದದ್ದು ಹೆಚ್ಚು. ಒಡಂಬಡಿಕೆಯ 4ನೇ ವಿಧಿಯ ಪ್ರಕಾರ ಪ್ರತಿ ದೇಶವೂ ತಾನು ಕೊಟ್ಟ, ತಡೆಹಿಡಿದ, ಹಿಂಪಡೆದ ಪ್ರತಿ ಕಾರ್ಡಿನ ವಿವರವನ್ನು ಎಲೆಕ್ಟ್ರಾನಿಕ್ ಕೋಶದಲ್ಲಿಡಬೇಕು, ಮತ್ತು ಇತರ ದೇಶಗಳ ಇಮಿಗ್ರೇಷನ್ ಅಧಿಕಾರಿಗಳು ವಿಚಾರಿಸಿದರೆ ದಿನದ 24 ಗಂಟೆ, ವಾರದ ಏಳೂ ದಿನ ಉತ್ತರಿಸುವ ಒಂದು ಸಂಪರ್ಕ ಕೇಂದ್ರವನ್ನು ನೇಮಿಸಬೇಕು. ಕೋಶದಲ್ಲಿ ಇಡಬಹುದಾದದ್ದು ಪರಿಶೀಲನೆಗೆ ಅಗತ್ಯವಾದ ವಿವರ ಮಾತ್ರ. ಆ ಕಾರ್ಡಿನ ಬಗ್ಗೆ ಯಾರು ಯಾವಾಗ ವಿಚಾರಿಸಿದರು ಎಂಬುದೂ ದಾಖಲಾಗಬೇಕು. ನಾವಿಕ ತನ್ನ ಬಗ್ಗೆ ಕೋಶದಲ್ಲಿರುವುದನ್ನು ನೋಡಿ, ತಪ್ಪಿದ್ದರೆ ಯಾವ ಶುಲ್ಕವೂ ಇಲ್ಲದೆ ತಿದ್ದಿಸಿಕೊಳ್ಳುವ ಹಕ್ಕು ಹೊಂದಿದ್ದಾನೆ. ಚಿಪ್ಪಿನೊಳಗೆ ಕಣ್ಣಿಗೆ ಕಾಣದಂತೆ ಇರುವುದನ್ನು ಓದಿ ನೋಡಲು ಯಂತ್ರದ ಅನುಕೂಲವನ್ನೂ ಅವನಿಗೆ ಕೊಡಬೇಕು. ಕಾರ್ಡ್ ನಿರಾಕರಿಸಿದರೆ ಮೇಲ್ಮನವಿಗೆ ಅವಕಾಶವಿರಬೇಕು. ಇಡೀ ವ್ಯವಸ್ಥೆಯನ್ನು ಕನಿಷ್ಠ ಐದು ವರ್ಷಕ್ಕೊಮ್ಮೆ ಸ್ವತಂತ್ರವಾಗಿ ಮೌಲ್ಯಮಾಪನ ಮಾಡಿಸಿ ಅದರ ವರದಿಯನ್ನು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಗೆ ಕಳುಹಿಸಬೇಕು. ಈ ಹಕ್ಕುಗಳನ್ನು ಒಮ್ಮೆಯೂ ಬಳಸದೆ ನಿವೃತ್ತರಾದ ನಾವಿಕರೇ ಹೆಚ್ಚು. ನಿಮ್ಮ ತಮ್ಮ ಕಾರ್ಡ್ ಕೈಗೆ ಬಂದ ದಿನವೇ ಅದರ ಪ್ರತಿಯೊಂದು ಅಕ್ಷರವನ್ನೂ ಓದಿ, ತಪ್ಪಿದ್ದರೆ ಹಡಗು ಹತ್ತುವ ಮೊದಲೇ ಲಿಖಿತವಾಗಿ ತಿಳಿಸಲಿ.

ಕಾರ್ಡಿಗಾಗಿ ಎಲ್ಲಿಗೆ ಹೋಗಬೇಕು ಎಂಬುದು ನಮ್ಮ ಭಾಗದವರಿಗೆ ಸಣ್ಣ ಪ್ರಶ್ನೆಯಲ್ಲ. ಫೋಟೋ ಮತ್ತು ಬಯೊಮೆಟ್ರಿಕ್ ಕೊಡಲು ಖುದ್ದಾಗಿ ಹೋಗಲೇಬೇಕು. 2019ರಲ್ಲಿ ಮುಂಬೈ, ಕೋಲ್ಕತ್ತ, ಚೆನ್ನೈ, ನೊಯ್ಡಾ, ಗೋವಾ, ನವಮಂಗಳೂರು, ಕೊಚ್ಚಿ, ವಿಶಾಖಪಟ್ಟಣ ಮತ್ತು ಕಾಂಡ್ಲಾದಲ್ಲಿ ಒಂಬತ್ತು ಕೇಂದ್ರಗಳಿದ್ದವು. ಹೊರಡುವ ಮೊದಲು ಡಿ.ಜಿ. ಶಿಪ್ಪಿಂಗ್ ಎಂದೇ ಎಲ್ಲರೂ ಕರೆಯುವ ಹಡಗು ಸಾರಿಗೆ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಇಂದಿನ ಪಟ್ಟಿಯನ್ನು ನೋಡಿಕೊಂಡು, ದಿನ ಗೊತ್ತುಮಾಡಿಕೊಂಡೇ ಹೋಗಿ. ಕರ್ನಾಟಕದೊಳಗಿನದು ನವಮಂಗಳೂರು. ಆದರೆ ಸಿಂಧನೂರಿನವರಿಗೆ ರಾಯಚೂರಿನಿಂದ ಮುಂಬೈ–ಚೆನ್ನೈ ರೈಲು ಮಾರ್ಗವೇ ಇರುವುದರಿಂದ ಆ ಎರಡು ಊರುಗಳಲ್ಲಿ ಒಂದಕ್ಕೆ ಹೋಗುವುದು ಸುಲಭವಾಗಬಹುದು. ಕೊಪ್ಪಳ, ಬಳ್ಳಾರಿಯವರಿಗೆ ಹುಬ್ಬಳ್ಳಿಯ ಮೇಲೆ ಗೋವಾದ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಇದೆ. ತೋರಣಗಲ್ಲಿನ ಉಕ್ಕಿನ ಕುಲುಮೆಗೆ ಬೇಕಾದ ಕಲ್ಲಿದ್ದಲು ಹಡಗಿನಲ್ಲಿ ಬರುವ ಈ ಸೀಮೆಯಿಂದ, ಗುಳೆ ಹೋಗುವುದೇ ರೂಢಿಯಾಗಿದ್ದ ಮನೆಗಳಿಂದ, ಹುಡುಗರು ಈಗ ಹಡಗಿಗೆ ಹೊರಡುತ್ತಿರುವಾಗ ಕಲ್ಯಾಣ ಕರ್ನಾಟಕದ ಯಾವುದಾದರೊಂದು ಜಿಲ್ಲಾ ಕೇಂದ್ರದಲ್ಲಿ ವರ್ಷಕ್ಕೊಮ್ಮೆಯಾದರೂ ಸಂಚಾರಿ ಶಿಬಿರ ನಡೆಸುವುದು ಅಸಾಧ್ಯವೇನಲ್ಲ. ಅದನ್ನು ಕೇಳುವುದು ನಮ್ಮ ಜನಪ್ರತಿನಿಧಿಗಳ ಕೆಲಸ.

ಏಜೆಂಟರ ವಿಷಯಕ್ಕೆ ಬರುತ್ತೇನೆ. ಒಡಂಬಡಿಕೆಯ 7ನೇ ವಿಧಿಯಂತೆ ಗುರುತಿನ ದಾಖಲೆ ಎಲ್ಲ ಕಾಲದಲ್ಲೂ ನಾವಿಕನ ಕೈಯಲ್ಲೇ ಇರಬೇಕು. ಇದಕ್ಕೆ ಇರುವ ವಿನಾಯಿತಿ ಒಂದೇ: ಹಡಗಿನ ಕ್ಯಾಪ್ಟನ್ ಜೋಪಾನಕ್ಕಾಗಿ ಇಟ್ಟುಕೊಳ್ಳಬಹುದು, ಅದೂ ನಾವಿಕನ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ. ಏಜೆಂಟನಿಗೆ ಅಲ್ಲಿ ಜಾಗವೇ ಇಲ್ಲ. ಪಾಸ್‌ಪೋರ್ಟಂತೂ ಕೇಂದ್ರ ಸರ್ಕಾರದ ಸ್ವತ್ತು. ಅದನ್ನು ಒತ್ತೆಯಂತೆ ಹಿಡಿದಿಡುವ ಅಧಿಕಾರ ಯಾವ ಖಾಸಗಿ ವ್ಯಕ್ತಿಗೂ ಇಲ್ಲ. ಹಣದ ಬಗ್ಗೆ 2006ರ ಸಾಗರ ಕಾರ್ಮಿಕ ಒಡಂಬಡಿಕೆ ಅಷ್ಟೇ ಸ್ಪಷ್ಟವಾಗಿದೆ: ನೇಮಕಾತಿಗಾಗಿ ನಾವಿಕನಿಂದ ನೇರವಾಗಿಯಾಗಲಿ ಬಳಸುದಾರಿಯಿಂದಾಗಲಿ ಹಣ ಪಡೆಯುವಂತಿಲ್ಲ. ವೈದ್ಯಕೀಯ ಪ್ರಮಾಣಪತ್ರ, ನಾವಿಕರ ಪುಸ್ತಕ, ಪಾಸ್‌ಪೋರ್ಟ್ ಅಥವಾ ಅಂಥ ಪ್ರಯಾಣ ದಾಖಲೆಗಳ ವೆಚ್ಚವಷ್ಟೇ ಅವನದು. ಬಿಎಸ್‌ಐಡಿಗೆ ಅರ್ಜಿಯನ್ನು ನಾವಿಕನೇ ಹಾಕಬಹುದು, ಸರ್ಕಾರ ನಿಗದಿಪಡಿಸಿದ ಶುಲ್ಕವನ್ನು ತಾನೇ ಕಟ್ಟಬಹುದು. ಇದರಲ್ಲಿ ಮಧ್ಯವರ್ತಿಗೆ ಮಾಡಲು ಏನೂ ಇಲ್ಲ. ನಾವಿಕರನ್ನು ನೇಮಿಸಿಕೊಡುವ ಸಂಸ್ಥೆಗೆ ಆರ್‌ಪಿಎಸ್‌ಎಲ್ ಪರವಾನಗಿ ಇರಲೇಬೇಕು, ಮತ್ತು ಪರವಾನಗಿ ಪಡೆದವರ ಪಟ್ಟಿ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಸಿಗುತ್ತದೆ. ಸಂಸ್ಥೆಯ ಹೆಸರು ಅಲ್ಲಿದ್ದರೂ ನಿಮ್ಮೊಡನೆ ಮಾತಾಡುತ್ತಿರುವ ವ್ಯಕ್ತಿ ನಿಜಕ್ಕೂ ಆ ಸಂಸ್ಥೆಯವರೇ ಎಂದು ಅದರ ಕಚೇರಿಗೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ದೊಡ್ಡ ಸಂಸ್ಥೆಯ ಹೆಸರನ್ನು ಎರವಲು ಪಡೆದು ಊರೂರು ತಿರುಗುವವರು ಇದ್ದಾರೆ.

ಒಂದು ವಿಷಯವನ್ನು ಮರೆಯದೆ ಪರೀಕ್ಷಿಸಿ. ಇಂಥ ಏಜೆಂಟರ ಮೂಲಕವೇ ಸಿಡಿಸಿ ಬಂದಿದ್ದರೆ ಅದು ಅಸಲಿಯೇ ಎಂಬುದನ್ನು ಸಂಖ್ಯೆ ಮತ್ತು ಇಂಡೋಸ್ ಸಂಖ್ಯೆಯ ಸಹಾಯದಿಂದ ಮಹಾನಿರ್ದೇಶನಾಲಯದ ಜಾಲತಾಣದಲ್ಲೇ ನೋಡಿ. ನಕಲಿ ಸಿಡಿಸಿಯೊಡನೆ ಬಿಎಸ್‌ಐಡಿ ಕೇಂದ್ರಕ್ಕೆ ಹೋದರೆ ಹುಡುಗನ ತಲೆಯ ಮೇಲೆಯೇ ಅಪರಾಧದ ಹೊರೆ ಬೀಳಬಹುದು, ಅವನು ಮೋಸ ಹೋದವನೇ ಆಗಿದ್ದರೂ.

ಆದ್ದರಿಂದ ಮೊದಲು ಏಜೆಂಟರಿಗೆ ಒಂದು ಪತ್ರ ಅಥವಾ ಇ-ಮೇಲ್ ಬರೆದು, ಪಾಸ್‌ಪೋರ್ಟ್ ಮತ್ತು ಸಿಡಿಸಿಯನ್ನು ಇಂಥ ದಿನದೊಳಗೆ ಹಿಂದಿರುಗಿಸಬೇಕೆಂದು ತಿಳಿಸಿ. ಅದರ ಪ್ರತಿ ನಿಮ್ಮ ಬಳಿ ಇರಲಿ. ಈಗಾಗಲೇ ಹಣ ಕೊಟ್ಟಿದ್ದರೆ ಬ್ಯಾಂಕ್ ಅಥವಾ ಫೋನ್ ಪಾವತಿಯ ವಿವರ ತೆಗೆದಿಡಿ. ಅವರು ಕೊಡದಿದ್ದರೆ ಸಿಂಧನೂರು ಠಾಣೆಯಲ್ಲಿ ದೂರು ಕೊಟ್ಟು, ಅದರ ಪ್ರತಿಯೊಂದಿಗೆ ಮಹಾನಿರ್ದೇಶನಾಲಯಕ್ಕೂ ಬರೆಯಿರಿ. ದಾಖಲೆಗಳು ಕೈಗೆ ಬಂದ ಮೇಲೆ ಹೆಸರಿನ ಹೋಲಿಕೆ, ಅದಾದ ಮೇಲೆ ಬಿಎಸ್‌ಐಡಿ ಅರ್ಜಿ. ಈ ಕ್ರಮವನ್ನು ಬದಲಿಸಬೇಡಿ. ಹಡಗು ಹತ್ತುವಾಗ ಕಾರ್ಡಿನ ಎರಡೂ ಬದಿಯ, ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಹಾಗೂ ಸಿಡಿಸಿಯ ಒಂದೊಂದು ನೆರಳಚ್ಚು ಪ್ರತಿ ಮನೆಯಲ್ಲಿ ನಿಮ್ಮ ಬಳಿ ಇರಲಿ. ವಿದೇಶದಲ್ಲಿ ಕಾರ್ಡ್ ಕಳೆದರೆ ಅವನು ಮೊದಲು ಕ್ಯಾಪ್ಟನ್‌ಗೆ ತಿಳಿಸಬೇಕು, ಕಾರ್ಡಿನ ಸಂಖ್ಯೆಯನ್ನು ಇಲ್ಲಿಂದ ಕಳುಹಿಸುವವರು ನೀವೇ ಆಗಿರುತ್ತೀರಿ.